ತಿರುಗಿ ಹೇಳಿಸುತ್ತಿದ್ದ ಅತ್ತೆ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಗಾಜಿನ ಸಿರಿಂಜಿನ ಕಾಲದಿಂದ ಒತ್ತಿ ಒತ್ತಿ ಹಾಗಾಗಿದೆ ಎಂದು ಅವರು ಹೇಳುತ್ತಿದ್ದರು. ಮದುವೆಯ ದಿನ ಕೈ ಹಿಡಿದಾಗಲೇ ಹಾಗಿತ್ತು ಎಂದು ಮಾವ ಹೇಳುತ್ತಿದ್ದರು. ಯಾರ ಮಾತು ನಿಜವೋ ನನಗೆ ಗೊತ್ತಿಲ್ಲ. ಆದರೆ ಅತ್ತೆಯ ಮುಖವನ್ನು ಸರಿಯಾಗಿ ನೋಡುವುದಕ್ಕೆ ಮೊದಲೇ ನನಗೆ ಆ ಹೆಬ್ಬೆರಳಿನ ಪರಿಚಯವಾಯಿತು. ಹೆಣ್ಣು ನೋಡಲು ನಾಗಮಂಗಲದ ನಮ್ಮ ಮನೆಗೆ ಬಂದಿದ್ದರು. ನಾನು ತಲೆ ತಗ್ಗಿಸಿಕೊಂಡು ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಲೋಟ ತೆಗೆದುಕೊಳ್ಳುವ ಬದಲು ಅವರು ನನ್ನ ಗಲ್ಲ ಹಿಡಿದೆತ್ತಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, “ರಕ್ತ ಕಮ್ಮಿ ಅದೆ” ಎಂದರು. ಆಮೇಲೆ ಕಾಫಿ ಕುಡಿದರು.

ನಮ್ಮಪ್ಪ ಹಿತ್ತಾಳೆ ಎರಕದ ಕೆಲಸದವರು, ಬೇಗ ಬಿಸಿಯಾಗುವ ಮನುಷ್ಯ. ಅವರೆಲ್ಲ ಹೊರಟ ಮೇಲೆ, “ಎತ್ತಿನ ಹಲ್ಲು ನೋಡ್ದಂಗೆ ನೋಡುದ್ಲಲ್ಲ ಆವಮ್ಮ! ಈ ಸಂಬಂಧ ಬ್ಯಾಡ” ಎಂದು ಕೂಗಾಡಿದರು. ಅವ್ವ ಒಂದೇ ಮಾತು ಹೇಳಿದಳು. “ಅಕ್ಕಸಾಲಿ ಮನೆಯೋರು ಬಂದು ಒಡವೆ ನೋಡ್ನಿಲ್ಲ, ಕಣ್ಣು ನೋಡುದ್ರು. ಕೊಟ್ಬುಡಿ.” ಹಾಗೆ ನಾನು ಗಂಜಾಂಗೆ ಸೊಸೆಯಾಗಿ ಬಂದೆ. ಮದುವೆಗೆ ಅತ್ತೆ ಕೊಟ್ಟ ಸೀರೆಯ ಮಡಿಕೆಯೊಳಗೆ ಕಬ್ಬಿಣಾಂಶದ ಮಾತ್ರೆಯ ಪೊಟ್ಟಣ ಇತ್ತು.

ಅವರು ಸರ್ಕಾರಿ ನರ್ಸು. ಕೆಲಸಕ್ಕೆ ಸೇರಿದ್ದು ನಾಗಮಂಗಲದ ಕಡೆ ಒಂದು ಹಳ್ಳಿಯಲ್ಲಿ, ಆಮೇಲೆ ಕೆ.ಆರ್. ಪೇಟೆ, ಆಮೇಲೆ ಪಾಂಡವಪುರ, ಕೊನೆಗೆ ಮನೆಗೆ ಹತ್ತಿರವಾಗುವಂತೆ ಕಿರಂಗೂರಿನ ಸುತ್ತಮುತ್ತ. ಮಾವ ಮಾತ್ರ ಗಂಜಾಂನ ಮನೆಯ ಪಡಸಾಲೆಯಲ್ಲಿ ಅಗ್ಗಿಷ್ಟಿಕೆ ಮುಂದೆ ಕೂತವರು ಅಲ್ಲಿಂದ ಕದಲಲಿಲ್ಲ. ಮಕ್ಕಳು ಅವ್ವನ ಜೊತೆ ಊರಿಂದೂರಿಗೆ ಹೋದರು, ರಜೆಯಲ್ಲಿ ಅಪ್ಪನ ಹತ್ತಿರ ಬಂದರು. ಅಕ್ಕಸಾಲಿ ಮನೆಯ ಸೊಸೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹಳ್ಳಿ ಸುತ್ತುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಹೆರಿಗೆ ಮಾಡಿಸಿ ಬಂದ ದಿನ ಹಿತ್ತಲಲ್ಲೇ ತಲೆಗೆ ನೀರು ಹುಯ್ದುಕೊಂಡು ಒಳಗೆ ಬರಬೇಕು ಎಂದು ಅವರ ಅತ್ತೆ ಕಟ್ಟು ಮಾಡಿದ್ದರಂತೆ. “ಒಳ್ಳೇದೇ ಆಯ್ತು ಬುಡು, ಸ್ನಾನ ಮಾಡೋಕೆ ಯಾರೂ ಅಡ್ಡ ಬತ್ತಿರಲಿಲ್ಲ” ಎಂದು ಇವರು ನಗುತ್ತಿದ್ದರು. ಆ ಹಿರಿಯರು ಹೋದ ಮೇಲೂ ಹಿತ್ತಲ ಸ್ನಾನ ಬಿಡಲಿಲ್ಲ.

ಅತ್ತೆಗೆ ಅಡುಗೆ ಬರುತ್ತಿರಲಿಲ್ಲ ಎಂದು ಬರೆದರೆ ನನ್ನ ಗಂಡ ಮುನಿಸಿಕೊಳ್ಳುತ್ತಾರೆ, ಆದರೂ ಬರೆಯುತ್ತೇನೆ. ಅವರು ಮಾಡಿದ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕಿತ್ತು. ಮುದ್ದೆಯನ್ನು ನಿಂತುಕೊಂಡೇ ನುಂಗಿ ಬಸ್ಸಿಗೆ ಓಡಿದ ಹೆಂಗಸು, ನಿವೃತ್ತಿಯಾದ ಮೇಲೂ ಕೂತು ಉಣ್ಣಲು ಕಲಿಯಲಿಲ್ಲ. ಯಾರನ್ನೂ ಹೊಗಳುತ್ತಿರಲಿಲ್ಲ. ಮದುವೆ ಮನೆಗೆ ಹೋದರೆ ಮದುಮಗಳ ಉಗುರಿನ ಬಣ್ಣ ನೋಡುತ್ತಿದ್ದರು, ಊಟದ ಪಂಕ್ತಿಯಲ್ಲಿ ಪಕ್ಕದವರ ಕಾಲು ಊದಿದ್ದು ಕಂಡರೆ ಅಲ್ಲೇ ಬಗ್ಗಿ ಒತ್ತಿ ನೋಡುತ್ತಿದ್ದರು. ನನಗೆ ನಾಚಿಕೆಯಾಗಿ ಎಲೆಯ ಮೇಲೆ ಕಣ್ಣಿಟ್ಟುಕೊಂಡು ಕೂರುತ್ತಿದ್ದೆ.

ಅವರ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಹಳ್ಳಿಯ ಹೆಂಗಸರನ್ನೆಲ್ಲ ಗುಡಿ ಮುಂದೆ ಕೂಡಿಸಿ ಭಾಷಣ ಮಾಡುವುದರಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಮನೆಮನೆಗೆ ಹೋಗುವರು, ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಳ್ಳುವರು, ಹೇಳುವುದನ್ನು ಹೇಳುವರು. ಹೇಳಿ ಮುಗಿಸಿ, “ಎಲ್ಲಿ, ನಾ ಏನಂದೆ ಹೇಳು” ಎನ್ನುವರು. ಆ ತಾಯಿ ಅದನ್ನು ತನ್ನ ಬಾಯಿಂದ ತಿರುಗಿ ಹೇಳುವ ತನಕ ಅಲ್ಲಿಂದ ಏಳುತ್ತಿರಲಿಲ್ಲ. ಮಾತ್ರೆ ಯಾವಾಗ ನುಂಗಬೇಕು, ಕೂಸಿಗೆ ಚುಚ್ಚಿಸಲು ಯಾವ ವಾರ ಬರಬೇಕು, ಭೇದಿಯಾದರೆ ಉಪ್ಪು ಸಕ್ಕರೆ ನೀರು ಹೇಗೆ ಕಲಸಬೇಕು, ಎಲ್ಲವೂ ತಿರುಗಿ ಬರಬೇಕು. “ಸುಮ್ಕೆ ತಲೆ ಆಡ್ಸಿದ್ರೆ ನಂಬಬ್ಯಾಡ. ತಲೆ ಆಡ್ಸೋದು ಬ್ಯಾಗ್ ಹಿಡ್ಕೊಂಡು ಬಂದವಳ್ನ ಕಳ್ಸಾಕೆ” ಎಂದು ನನಗೂ ಹೇಳಿದ್ದರು. ನಾನು ಮೇಷ್ಟರ ಕೆಲಸಕ್ಕೆ ಸೇರಿದ ಹೊಸತು ಅದು.

ಈ ಪದ್ಧತಿ ಮನೆಯಲ್ಲೂ ನಡೆಯುತ್ತಿತ್ತು. ಮಾವ ಊದುಕೊಳವೆ ಬಾಯಲ್ಲಿಟ್ಟುಕೊಂಡು ಬೆಸುಗೆ ಹಾಕುತ್ತಿರುವಾಗಲೇ ಅತ್ತೆ ಬಂದು, “ಸಂತೆಯಿಂದ ಬರ್ತಾ ಸೊಪ್ಪು ತನ್ನಿ, ದಂಟು ಬಲ್ತಿದ್ರೆ ಬ್ಯಾಡ” ಎನ್ನುತ್ತಿದ್ದರು. ಕೊಳವೆ ಬಾಯಲ್ಲಿದ್ದಾಗ ಉತ್ತರ ಹೇಳುವುದು ಹೇಗೆ? ಮಾವ ಕಣ್ಣಲ್ಲೇ ಹೂಂ ಎಂದರೂ ಬಿಡುತ್ತಿರಲಿಲ್ಲ. ಬೆಸುಗೆ ಮುಗಿದು ಕೊಳವೆ ಕೆಳಗಿಡುವವರೆಗೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದು, “ಎಲ್ಲಿ, ಏನಂದೆ ಹೇಳಿ” ಎನ್ನುತ್ತಿದ್ದರು. “ದಂಟು ಬಲ್ತಿದ್ರೆ ತರ್ತೀನಿ” ಎಂದು ಮಾವ ಬೇಕೆಂದೇ ತಪ್ಪು ಹೇಳುತ್ತಿದ್ದರು. ಇಬ್ಬರಿಗೂ ಅದರಲ್ಲಿ ಸುಖವಿತ್ತು ಎಂದು ನನಗೆ ತಿಳಿದದ್ದು ನಿಧಾನವಾಗಿ.

ನನ್ನ ಮಗಳು ಹುಟ್ಟಿದಾಗ ಮಾತ್ರ ಇಬ್ಬರಿಗೂ ನಿಜವಾಗಿ ಜಗಳ ಹತ್ತಿಕೊಂಡಿತು. ಕೂಸು ಹುಟ್ಟಿದರೆ ಮನೆಯ ಹಿರಿಯ ಅಕ್ಕಸಾಲಿ ಜೇನಿನಲ್ಲಿ ಚಿನ್ನ ತೇಯ್ದು ಕೂಸಿನ ನಾಲಿಗೆಗೆ ಮುಟ್ಟಿಸಬೇಕು. ನಮ್ಮಲ್ಲಿ ಅದು ನಡೆದುಬಂದದ್ದು. ಅತ್ತೆ ಸರ್ವೀಸಿಡೀ ಹಳ್ಳಿಗಳಲ್ಲಿ ಹೇಳಿಕೊಂಡು ಬಂದದ್ದು, ಕೂಸಿಗೆ ತಾಯಿ ಹಾಲು ಬಿಟ್ಟು ಜೇನೂ ಬೇಡ, ಸಕ್ಕರೆ ನೀರೂ ಬೇಡ ಎಂದು. ಮಾವ ಸಾಣೆಕಲ್ಲು ತೊಳೆದು ತಯಾರಾಗಿ ಕೂತಿದ್ದರು. ನಾನು ಕೂಸನ್ನು ಮಡಿಲಲ್ಲಿಟ್ಟುಕೊಂಡು ಇವರ ಮುಖ ಅವರ ಮುಖ ನೋಡುತ್ತಿದ್ದೆ. ಅತ್ತೆ ತಣ್ಣಗೆ ಹೇಳಿದರು. “ತೇಯಿರಿ, ಬ್ಯಾಡ ಅಂದೋರ್ಯಾರು? ಕೂಸಿನ ನಾಲ್ಗೆಗೆ ಬ್ಯಾಡ, ಅವ್ವನ ನಾಲ್ಗೆಗೆ ಮುಟ್ಸಿ. ಅವ್ವ ತಿಂದದ್ದೇ ತಾನೆ ಕೂಸ್ಗೆ ಹಾಲಾಗೋದು?”

“ಇದ್ಯಾವ ಶಾಸ್ತ್ರದಲ್ಲದೆ?” ಎಂದರು ಮಾವ.

“ಇವತ್ತಿಂದ ನಮ್ಮನೆ ಶಾಸ್ತ್ರದಲ್ಲಿ.”

ಮಾವ ಕಾಫಿಯನ್ನೂ ಕುಡಿಯದೆ ಎದ್ದು ನದಿ ಕಡೆ ಹೋದರು. ನಿಮಿಷಾಂಬ ಗುಡಿಯ ಮೆಟ್ಟಿಲ ಮೇಲೆ ಕೂತಿದ್ದು ಹೊತ್ತೇರಿದ ಮೇಲೆ ವಾಪಸ್ಸು ಬಂದು, ಚಿನ್ನ ತೇಯ್ದು, ಬೆರಳ ತುದಿಯಿಂದ ನನ್ನ ನಾಲಿಗೆಗೆ ಮುಟ್ಟಿಸಿದರು. ಹಾಗೆ ಚಿನ್ನದ ಜೇನು ತಿಂದ ಮೊದಲ ಬಾಣಂತಿ ನಾನು. ಈಗ ನಮ್ಮ ಬಂಧುಗಳ ಮನೆಗಳಲ್ಲೂ ಹೀಗೆಯೇ ಮಾಡುತ್ತಾರೆ. ಮುತ್ತಾತನ ಕಾಲದಿಂದ ಬಂದದ್ದು ಎಂದು ನನಗೇ ವಿವರಿಸುತ್ತಾರೆ, ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ಮಾವ ಹೋದ ಮೇಲೆ ಅತ್ತೆ ತುಂಬ ವರ್ಷ ಬದುಕಿದರು. ಎಂಬತ್ತು ದಾಟಿದ ಮೇಲೂ ಬೀದಿಯ ಬಸುರಿಯರು ನಮ್ಮ ಪಡಸಾಲೆಗೆ ಬಂದು ಕಣ್ಣಿನ ರೆಪ್ಪೆ ತೋರಿಸಿಕೊಂಡು ಹೋಗುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ಅವರು ಮಂಚದ ಮೇಲೆ ಕೂತು ತಮ್ಮ ಪಾದವನ್ನೇ ಹೆಬ್ಬೆರಳಿನಿಂದ ಒತ್ತಿ, ಬಿದ್ದ ಗುಳಿ ಮೇಲೇಳುವುದನ್ನು ಕಾಯುತ್ತಿರುವುದನ್ನು ಕಂಡೆ. ಗುಳಿ ಬೇಗ ಮೇಲೇಳಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋದೆವು. ಮೂತ್ರಪಿಂಡ ಎರಡೂ ಸೋತಿವೆ, ಡಯಾಲಿಸಿಸ್ ಮಾಡಿಸುತ್ತಿರಬೇಕು ಎಂದರು ಡಾಕ್ಟರು. “ಮಾಡ್ಸುದ್ರೆ ಮೊದ್ಲಂಗೆ ಎದ್ದು ಓಡಾಡ್ತೀನಾ ಸಾರ್?” ಎಂದು ಅತ್ತೆ ಕೇಳಿದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಈ ವಯಸ್ಸಿಗೆ ಅಷ್ಟು ಹೇಳಲಾರೆ, ಸ್ವಲ್ಪ ದಿನ ಮುಂದಕ್ಕೆ ಹೋಗಬಹುದು ಎಂದರು. ಅತ್ತೆ ಅವರಿಗೆ ಕೈ ಮುಗಿದು ಎದ್ದರು. ಕಾರಿನಲ್ಲಿ ನನ್ನ ಗಂಡನಿಗೆ, “ಬ್ಯಾಡ ಕಣಪ್ಪ. ಆ ಸೂಜಿ ಎಲ್ಲಾ ನಾನೇ ಚುಚ್ಚಿ ನೋಡಿವ್ನಿ. ನಮ್ಮನೇಲಿ ಮಲೀಕತೀನಿ” ಎಂದರು. ಇವರು ಗಾಡಿ ಓಡಿಸುತ್ತಾ ಹೂಂ ಎಂದರು.

ಅತ್ತೆಯ ಮಗಳು, ನನ್ನ ನಾದಿನಿ, ಕೆ.ಆರ್. ಪೇಟೆಯಿಂದ ಮಾರನೇ ದಿನವೇ ಬಂದಳು. ಅವ್ವನ ಪಾದ ನೋಡಿ ಅತ್ತಳು. ಆಮೇಲೆ ಅಡುಗೆಮನೆಗೆ ಬಂದು, “ಅತ್ತಿಗೆ, ನಿಮ್ಮವ್ವನೇ ಆಗಿದ್ರೆ ಇಂಗೆ ಮನೇಲಿ ಮಲಗಿಸ್ಕತಿದ್ರಾ?” ಎಂದಳು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆಸ್ಪತ್ರೆಗೆ ಹಾಕದೆ ಅತ್ತೆ ಮನೆಯಲ್ಲಿ ಸತ್ತರೆ ಮಗನನ್ನು ಯಾರೂ ಕೇಳುವುದಿಲ್ಲ. ಸೊಸೆ ನೋಡಿಕೊಳ್ಳಲಿಲ್ಲ ಎನ್ನುತ್ತಾರೆ. ಆ ಮಾತು ಸೊಸೆಯ ಜೊತೆಯೇ ಮುಪ್ಪಾಗುತ್ತದೆ, ಅವಳ ಮಗಳ ಮದುವೆ ಮಾತುಕತೆಯವರೆಗೂ ಬರುತ್ತದೆ. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತಾ ನನಗೆ ಅಳು ಬಂತು. “ಮೈಸೂರಿಗೆ ಹೋಗೋಣ ಬನ್ನಿ ಅತ್ತೆ. ನಾಳೆ ಎಲ್ಲಾರೂ ನನ್ನೇ ಆಡ್ಕೋತಾರೆ” ಎಂದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು.

ಮರುದಿನ ಬೆಳಿಗ್ಗೆ ತಲೆ ಬಾಚಿಸಿಕೊಂಡರು. ಒಗೆದ ಸೀರೆ ಉಡಿಸು ಎಂದರು. ಮಂಚವನ್ನು ಪಡಸಾಲೆಗೆ, ಬೀದಿ ಬಾಗಿಲಿನ ಎದುರಿಗೆ ಹಾಕಿಸಿಕೊಂಡರು. ಗಾಳಿ ಬೇಕೇನೋ ಎಂದುಕೊಂಡೆ. ಹೂವಿನವಳು ಬಂದಳು. ಅತ್ತೆ ಅವಳನ್ನು ಕರೆದು ಮಂಚದ ಪಕ್ಕ ಕೂರಿಸಿಕೊಂಡು ಹೇಳಿದರು.

“ನನ್ಗೆ ಕಿಡ್ನಿ ಓಯ್ತು ಕಣವ್ವ. ಮೈಸೂರ್ಗೆ ಕರ್ಕಂಡೋಯ್ತೀನಿ ಅಂತ ನನ್ ಸೊಸೆ ಅತ್ಕಂಡು ಕೇಳುದ್ಲು. ನಾನೇ ಬ್ಯಾಡ ಅಂದೆ. ಎಲ್ಲಿ, ನಾ ಏನಂದೆ ಹೇಳು.”

ಹೂವಿನವಳು ಸೆರಗು ಬಾಯಿಗಿಟ್ಟುಕೊಂಡಳು. ಸಾಯುವವರ ಎದುರಿಗೆ ಕೂತು ಇಂಥ ಮಾತನ್ನು ಯಾರು ತಾನೇ ಬಾಯಲ್ಲಿ ಆಡಿಯಾರು? “ಅಂಗನ್ಬ್ಯಾಡಿ ನರ್ಸಮ್ಮ” ಎಂದಳು. ಅತ್ತೆ ಬಿಡಲಿಲ್ಲ, ಅವಳ ಕೈ ಹಿಡಿದುಕೊಂಡು ಕಾದರು. ಕೊನೆಗೆ ಅವಳು ಅಳುತ್ತಲೇ, “ನಿಮ್ ಸೊಸೆ ಕೇಳುದ್ರು, ನೀವೇ ಬ್ಯಾಡ ಅಂದ್ರಿ” ಎಂದಳು. “ಹೂಂ, ಓಗ್ಬಾ” ಎಂದು ಕೈ ಬಿಟ್ಟರು.

ಆ ದಿನದಿಂದ ಬೀದಿಯ ಯಾರನ್ನೂ ಬಿಡಲಿಲ್ಲ. ಹಾಲಿನವನು, ಎದುರು ಮನೆಯ ಬಡಗಿಯ ಹೆಂಡತಿ, ಗುಡಿಯ ಅರ್ಚಕರ ತಾಯಿ, ಸುದ್ದಿ ಕೇಳಿ ಪಾಂಡವಪುರದ ಹಳ್ಳಿಗಳಿಂದ ಬ್ರೆಡ್ಡು ಹಣ್ಣು ಹಿಡಿದುಕೊಂಡು ಬಂದ, ಒಂದು ಕಾಲಕ್ಕೆ ಇವರೇ ಹೆರಿಗೆ ಮಾಡಿಸಿದ ಹೆಂಗಸರು. ಒಬ್ಬೊಬ್ಬರನ್ನೇ ಕೂರಿಸಿಕೊಂಡರು. ಉಸಿರು ಸಾಲದೆ ನಡುವೆ ನಿಲ್ಲಿಸುತ್ತಿದ್ದರು, ಮತ್ತೆ ಶುರು ಮಾಡುತ್ತಿದ್ದರು. ನಾನು ಒಳಗಿಂದ ಕೇಳಿಸಿಕೊಳ್ಳುತ್ತಾ ನಿಂತಿರುತ್ತಿದ್ದೆ. “ಸಾಕು ಅತ್ತೆ, ಸುಸ್ತಾಗ್ತದೆ” ಎಂದರೆ, “ಇನ್ನೂ ಮನೆ ಅವೆ, ಸುಮ್ಕಿರು” ಎನ್ನುತ್ತಿದ್ದರು.

ಒಬ್ಬಳು ಮಾತ್ರ ಒಪ್ಪಲಿಲ್ಲ. ಹೆತ್ತ ಮಗಳು. ಅವಳು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು, ಬಂದಾಗಲೆಲ್ಲ ಅತ್ತೆ ಅದೇ ಮಾತು ಹೇಳಿ ಅವಳ ಬಾಯಿ ನೋಡುತ್ತಿದ್ದರು. “ನಾ ಹೇಳಾಕಿಲ್ಲ ಕಣವ್ವ, ಸುಮ್ನಿರು” ಎಂದು ಅವಳು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ಬಡಿಸಿದರೆ ಉಣ್ಣುವಳು, ತಲೆ ಎತ್ತುತ್ತಿರಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿತ್ತು. ಈಗ ಯೋಚಿಸಿದರೆ, ಆ ಮಾತು ಹೇಳಿಬಿಟ್ಟರೆ ಅವ್ವನನ್ನು ತಾನೇ ಕಳಿಸಿಕೊಟ್ಟಂತೆ ಎಂದು ಅವಳಿಗೆ ಅನಿಸಿರಬೇಕು. ಕೊನೆಯ ಸಲ ಬಂದಾಗ ಅತ್ತೆಗೆ ಮಾತು ನಿಂತುಹೋಗಿತ್ತು. ಮಗಳನ್ನು ಸುಮ್ಮನೆ ನೋಡಿದರು. ಅವಳು ಅವ್ವನ ಕೈಯನ್ನು ತನ್ನ ಕೆನ್ನೆಗಿಟ್ಟುಕೊಂಡು ಕೂತಳು, ಬಾಯಿ ತೆರೆಯಲಿಲ್ಲ.

ಅತ್ತೆ ಹೋದದ್ದು ಒಂದು ಮಧ್ಯಾಹ್ನ, ತಮ್ಮದೇ ಮಂಚದ ಮೇಲೆ. ನಾನು ತುಟಿ ಒದ್ದೆ ಮಾಡುತ್ತಿದ್ದೆ, ನನ್ನ ಗಂಡ ಪಾದ ಹಿಡಿದುಕೊಂಡಿದ್ದರು. ಕಷ್ಟಪಡಲಿಲ್ಲ.

ಸಂಜೆಯ ಹೊತ್ತಿಗೆ ಪಡಸಾಲೆ ತುಂಬಿತು. ಅತ್ತೆಯನ್ನು ನಡುವೆ ಮಲಗಿಸಿದ್ದೆವು. ಹಳ್ಳಿಗಳಿಂದ ಬಂದ ಹೆಂಗಸರು ಗೋಡೆಯವರೆಗೂ ಕೂತಿದ್ದರು. ನಾದಿನಿ ಅವ್ವನ ತಲೆಯ ಹತ್ತಿರ, ನಾನು ಕಾಲಿನ ಹತ್ತಿರ. ಆಗ ಮಾವನ ತಂಗಿ ಬಂದರು. ತೊಂಬತ್ತರ ಹತ್ತಿರದ ಮುದುಕಿ. ನಾಗಮಂಗಲದ ಆಚೆಯಿಂದ ಮೊಮ್ಮಗನ ಹೆಗಲು ಹಿಡಿದು ಬಂದವರು. ಅತ್ತೆಯ ಮಾತು ಅವರೊಬ್ಬರನ್ನು ಮುಟ್ಟಿರಲಿಲ್ಲ. ಅವರು ಹೆಣದ ಮುಖ ಸವರಿ, ಅತ್ತು, ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಕೇಳಿದರು.

“ಊರ ಹೆಣ್ಮಕ್ಳನ್ನೆಲ್ಲ ಆಸ್ಪತ್ರೆಗೆ ಎಳ್ಕಂಡೋಗಿ ಉಳಿಸ್ದೋಳ್ನ, ಯಾಕವ್ವ ನೀನು ಆಸ್ಪತ್ರೆಗೆ ಸೇರಿಸ್ಲಿಲ್ಲ?”

ಹೂವಿನವಳು ಏನೋ ಹೇಳಲು ಬಾಯಿ ತೆರೆದಳು. ಅವಳಿಗಿಂತ ಮೊದಲು ತಲೆಯ ಕಡೆಯಿಂದ ನಾದಿನಿಯ ದನಿ ಬಂತು. ಮುಖ ಎತ್ತದೆ, ಅವ್ವನ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುತ್ತಾ ಹೇಳಿದಳು.

“ಮೈಸೂರ್ಗೆ ಕರ್ಕಂಡೋಯ್ತೀನಿ ಅಂತ ನಮ್ಮತ್ತಿಗೆ ಅತ್ಕಂಡು ಕೇಳುದ್ರು. ನಮ್ಮವ್ವನೇ ಬ್ಯಾಡ ಅಂದ್ಲು.”

ಮುದುಕಿ ತಲೆಯಾಡಿಸಿ ಗೋಡೆಗೆ ಒರಗಿ ಕೂತರು. ನಾದಿನಿ ಅಲ್ಲಿಂದ ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಬಂದು, ನನ್ನ ಪಕ್ಕ ಕೂತಳು. ಅತ್ತೆ ಸತ್ತ ಹೊತ್ತಿನಿಂದ ಅಳದಿದ್ದ ನಾನು ಆಗ ಅತ್ತುಬಿಟ್ಟೆ.