ಮುಂದೆ ಮೂಡಿದ ಗೆರೆ

ಅಂದು ನನ್ನ ತಂಗಿಗೆ ಒಂದು ಮಾತು ಹೇಳಬೇಕಿತ್ತು. ‘ನನಗೆ ಇದನ್ನು ಓದಲು ಬರುವುದಿಲ್ಲ’ ಅಂತ, ಇಷ್ಟೇ. ನಾಚಿಕೆಯಿಂದ ಹೇಳಲಿಲ್ಲ. ಅದಕ್ಕೇ ಅವಳು ಸಾಯುವ ಹಂತಕ್ಕೆ ಬಂದಳು. ಆ ರಾತ್ರಿ ಕಾಡಿನಲ್ಲಿ ನಡೆದದ್ದನ್ನು ನೀವು ನಂಬಿ, ಬಿಡಿ... ನಾನು ಕಣ್ಣಾರೆ ಕಂಡಿದ್ದೇನೆ. ಸುಳ್ಳು ಕಟ್ಟುವಷ್ಟು ಜಾಣ ನಾನಲ್ಲ.

ಐದನೇ ಇಯತ್ತೆಗೇ ಶಾಲೆ ಬಿಟ್ಟ ನಾನು ಬೆಳಗಾವಿಯ ರವಿವಾರ ಪೇಟೆಯಲ್ಲಿ ಟೆಂಪೊ ಓಡಿಸುತ್ತೇನೆ. ತಂಗಿ ಸವಿತಾ ಟಿಳಕವಾಡಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ರಜೆ ಬಂದರೆ ಅವಳಿಗೆ ಗುಡ್ಡ ಹತ್ತುವ ಹುಚ್ಚು. ಹೊಸ ದಾರಿ ನಡೆದು, ಜಿಪಿಎಸ್ ಯಂತ್ರದಲ್ಲಿ ಅದರ ಗೆರೆ ಮೂಡಿಸಿಕೊಂಡು ಬಂದು, ಗೆಳೆಯರ ಗುಂಪಿಗೆ ನಕಾಶೆ ಮಾಡಿಕೊಡುತ್ತಾಳೆ.

ಆ ರವಿವಾರ ಜೊತೆಗೆ ಯಾರೂ ಸಿಗದೆ ನನ್ನನ್ನು ಎಳೆದುಕೊಂಡು ಹೋದಳು. ಖಾನಾಪುರ ದಾಟಿ, ಜಾಂಬೋಟಿ ಕಡೆಯ ಗುಡ್ಡ. ರಸ್ತೆ ಬದಿಯ ಚಹಾದಂಗಡಿ ಮುಂದೆ ಟೆಂಪೊ ನಿಲ್ಲಿಸಿದೆವು. ದಾರಿಯ ಗುರುತು ಬರೆದುಕೊಳ್ಳಲು ಅವಳ ಕೈಯಲ್ಲಿ ನೋಟ್‌ಬುಕ್ಕು. ಅಂಗೈಯಷ್ಟಿದ್ದ ಯಂತ್ರ ನನ್ನ ಪಾಲಿಗೆ ಬಂತು.

"ಈ ಬಾಣ ಅಂದ್ರ ನಾವು. ಅದರ ಹಿಂದ ನೀಲಿ ಗೆರಿ ಬರತೈತಿ ನೋಡು, ಅದು ನಾವು ನಡದ ದಾರಿ. ಅದು ನಿಂದ್ರಬಾರ್ದು. ಏನರ ಬರದು ತೋರಿಸಿದ್ರ ನನಗ ಹೇಳು."

"ಟೆಂಪೊ ಓಡಸಾವಗ ಇದೇನ್ ಭಾರೀ ಐತಿ?"

"ನಿನ್ನ ಟೆಂಪೊ ಹಾರ್ನ್ ಕೇಳಿ ಮಂದಿ ದಾರಿ ಬಿಡ್ತಾರ ಅಣ್ಣಾ. ಗುಡ್ಡ ಬಿಡಂಗಿಲ್ಲ," ಎಂದು ನಕ್ಕಳು.

ಹಳ್ಳ ದಾಟುತ್ತಿದ್ದಂತೆ ಯಂತ್ರ ಕಿರ್ ಎಂದಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು, ಕೆಳಗೆ ಎರಡು ಚೌಕ. ಸವಿತಾ ಹತ್ತು ಹೆಜ್ಜೆ ಮುಂದಿದ್ದಳು, ಕೂಗಿದರೆ ಸಾಕಿತ್ತು. ಆದರೆ ಅಷ್ಟು ಜಂಬ ಕೊಚ್ಚಿದ ಮೇಲೆ ಹೇಗೆ ಕೂಗಲಿ? ಒಂದು ಚೌಕ ಒತ್ತಿದೆ. ಬರಹ ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಬಾಣದ ಹಿಂದೆ ಗೆರೆ ಬರುತ್ತಿರಲಿಲ್ಲ...

ಆಗಲೂ ಬಾಯಿ ಬಿಡಲಿಲ್ಲ.

ಎರಡು ತಾಸಿನ ಮೇಲೆ, ಹೊತ್ತು ಇಳಿಯುವಾಗ, ಸವಿತಾ ಕಾಲು ಜಾರಿ ಬಂಡೆಗಳ ಸಂದಿಗೆ ಬಿದ್ದಳು. ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ಟವೆಲ್ ಬಿಗಿದು ಕಟ್ಟಿದೆ. ಅದೂ ರಕ್ತದಲ್ಲಿ ತೊಯ್ದುಹೋಯಿತು. ಎತ್ತಲು ಹೋದರೆ ಚೀರುತ್ತಿದ್ದಳು. ಮೊಬೈಲಿಗೆ ನೆಟ್‌ವರ್ಕ್ ಇರಲಿಲ್ಲ.

"ಅಣ್ಣಾ, ಗೆರಿ ಹಿಡದು ಹೋಗಿ ಮಂದಿನ್ನ ಕರಕೊಂಡು ಬಾ," ಎಂದಳು ಹಲ್ಲು ಕಚ್ಚಿ. "ಅದ ಗೆರಿ ನಿನ್ನ ತಿರಗಿ ನನ್ನ ಹತ್ರ ತರತೈತಿ. ಹೆದರಬ್ಯಾಡ."

ಹೂಂ ಎಂದೆ. ಗೆರೆ ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

ಕತ್ತಲೆ ಬಂತು. ದನಗಳು ತುಳಿದ ದಾರಿಗಳೆಲ್ಲ ಒಂದೇ ಥರ. ಮೂರು ಸಲ ಅದೇ ಸಿಡಿಲು ಬಡಿದ ಮರದ ಕೆಳಗೇ ಬಂದು ನಿಂತೆ. "ಸವೀ..." ಎಂದು ಗಂಟಲು ಹರಿಯುವಂತೆ ಕೂಗಿದೆ. ಉತ್ತರವಿಲ್ಲ. ರಸ್ತೆಯೂ ಗೊತ್ತಿಲ್ಲ, ತಂಗಿ ಇರುವ ಜಾಗವೂ ಗೊತ್ತಿಲ್ಲ. ಅಲ್ಲೇ ಕುಸಿದು ಕುಳಿತು ಅತ್ತೆ.

ಆಗ ವಾಸನೆ ಬಂತು... ತೊಯ್ದ ಕಂಬಳಿಯ ವಾಸನೆ. ಮಳೆ ಹೋಗಿ ತಿಂಗಳ ಮೇಲಾಗಿತ್ತು.

ಕೈಯಲ್ಲಿದ್ದ ಯಂತ್ರ ತಾನಾಗಿ ಬೆಳಗಿತು. ಬಾಣದ ತುದಿಯಿಂದ ಒಂದು ನೀಲಿ ಗೆರೆ ಹೊರಟಿತ್ತು. ಗೆರೆ ಯಾವಾಗಲೂ ನಡೆದವನ ಹಿಂದೆ ಮೂಡಬೇಕು. ಇದು ನನ್ನ ಮುಂದೆ ಮೂಡುತ್ತಿತ್ತು. ಸ್ವಲ್ಪ ಸ್ವಲ್ಪವೇ... ಯಾರೋ ನಡೆದು ಹೋಗುತ್ತಿರುವ ಹಾಗೆ.

ಎದುರಿಗೆ ಒಣ ಎಲೆ ಸರಕ್ ಸರಕ್ ಎಂದವು. ಎದ್ದು ನಡೆದೆ. ನಾನು ನಿಂತರೆ ಆ ಸದ್ದೂ ನಿಲ್ಲುತ್ತಿತ್ತು, ಗೆರೆಯೂ ನಿಲ್ಲುತ್ತಿತ್ತು.

"ಯಾರ್ರೀ ಅದು?"

ಬಂದದ್ದು ವಾಸನೆ ಮಾತ್ರ.

ಹಳ್ಳದ ಬಳಿ ಆ ಗೆರೆ ಮಧ್ಯಾಹ್ನದ ಹಳೇ ಗೆರೆಗೆ ಕೂಡಿತು. ಅಲ್ಲಿಂದ ಓಡಿದೆ. ಚಹಾದಂಗಡಿಯ ಮುದುಕ ನನ್ನ ಅಂಗಿಯ ಮೇಲಿನ ರಕ್ತ ನೋಡಿ ಎದ್ದು ನಿಂತ. "ಅರೇ ಭಾವೂ, ಕಾಯ್ ಝಾಲಂ? ಏನಾತು?" ಅವನೂ ಇಬ್ಬರು ಗಂಡಾಳುಗಳೂ ಬಿದಿರಿಗೆ ಜೋಳಿಗೆ ಕಟ್ಟಿಕೊಂಡು ಬಂದರು. ಗೆರೆ ಇನ್ನೂ ಇತ್ತು, ಆ ಸಿಡಿಲು ಬಡಿದ ಮರದಾಚೆಗೂ ಈಗ ಮುಂದೆ ಮುಂದೆ ಮೂಡುತ್ತಿತ್ತು. ಅದನ್ನೇ ನೋಡುತ್ತ ನಡೆದೆವು. ನೆಟ್ಟಗೆ ಆ ಬಂಡೆಗೇ ತಂದು ನಿಲ್ಲಿಸಿತು.

ಸವಿತಾ ಕಣ್ಣು ತೆರೆದಳು. ನನ್ನನ್ನು ನೋಡಿ, ತನ್ನ ಪಕ್ಕದ ಬರಿದಾದ ಕಲ್ಲನ್ನು ನೋಡಿ, ಮೆಲ್ಲಗೆ ಕೇಳಿದಳು.

"ಈಗ ಆ ಕಡಿಂದ ಹೆಂಗ ಬಂದಿ? ಇಷ್ಟೊತ್ತನ ಬಾಜೂಕ ಕುಂತಿದ್ದಿಯಲ್ಲಾ... ಮಾತಾಡ್ಸಿದ್ರ ಮಾತಾಡ್ಲಿಲ್ಲ... ಕಂಬಳಿ ಎಲ್ಲಿ ಸಿಕ್ಕಿತ್ತು ನಿನಗ?"

ಮುದುಕ ಆ ಕಲ್ಲಿನ ಕಡೆ ಬ್ಯಾಟರಿ ಬಿಡಲಿಲ್ಲ. "ಚಲಾ, ಚಲಾ... ಲಗೂ ಎತ್ರಿ," ಎಂದಷ್ಟೇ ಅಂದ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸವಿತಾ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿದಳು. "ಹಳ್ಳದ ತನಾ ಅಷ್ಟ ಐತಿ ಅಣ್ಣಾ. ಮುಂದ ಗೆರೀನ ಇಲ್ಲ. ನೀ ಹೆಂಗ ಬಂದಿ?" ಎಂದಳು. "ಮಷಿನ್ ಕೆಟ್ಟಿರಬೇಕು," ಎಂದು ಅವಳೇ ಅಂದುಕೊಂಡಳು. ಇರಬೇಕು ಎಂದೆ. ಮತ್ತೊಂದು ಸುಳ್ಳು.

ಅಂದಿನಿಂದ ಅವಳು ಕುಂಟುತ್ತಾಳೆ. ನನಗೆ ನಿದ್ದೆ ಸರಿಯಾಗಿ ಬರುವುದಿಲ್ಲ. ಒಮ್ಮೊಮ್ಮೆ ಬಾಗಿಲು ಹಾಕಿದ ಕೋಣೆಯಲ್ಲಿ, ಬಿಸಿಲು ಕಾಲದಲ್ಲಿ, ಆ ಕಂಬಳಿಯ ವಾಸನೆ ಬಂದು ಹೋಗುತ್ತದೆ. ಅದು ದಾರಿ ತೋರಿಸಲು ಬಂದದ್ದೋ, ನನ್ನ ಸುಳ್ಳಿನ ಮೇಲೆ ಕಣ್ಣಿಡಲು ಬಂದದ್ದೋ, ತಿಳಿಯದು.

ಕಳೆದ ವಾರ ಸವಿತಾ ಹೊಸ ಯಂತ್ರ ತಂದಳು. "ಈ ಸಲ ಸಣ್ಣ ಗುಡ್ಡ. ನೀನ ಹಿಡೀಬೇಕು ಇದನ್ನ. ನಿನ್ನ ಮ್ಯಾಲ ನಂಬಿಕಿ ಐತಿ ನನಗ," ಎಂದು ಕೈ ಚಾಚಿದಳು.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಅವಳ ಕಾಲ ಬಳಿ ನೆಲದ ಮೇಲೆ ಕುಳಿತೆ.

"ಮಷಿನ್ ಕೆಟ್ಟಿರಲಿಲ್ಲವಾ ಸವಿ. ಗೆರಿ ನಿಂದ್ರಿಸಿದಾವ ನಾನ. ಅದರಾಗ ಏನ್ ಬರದಿತ್ತೋ ನನಗ ಓದಾಕ ಬರಲಿಲ್ಲ, ನಿನಗ ಹೇಳಾಕ ನಾಚಿಕಿ ಆತು. ಗೊತ್ತಿದ್ದೂ ನಿನ್ನ ಅಲ್ಲಿ ಒಬ್ಬಾಕಿನ್ನ ಬಿಟ್ಟು ಹೋದೆ. ತಪ್ಪಾತು ತಂಗೀ... ನಂದ ತಪ್ಪು. ನನ್ನ ಕ್ಷಮಿಸವಾ."