ಗೊಬ್ಬರದ ಗಿಡದ ಹೂವು

ಮಾರಿಕಣಿವೆ ನಾಲೆಯ ಪಕ್ಕ ಜಪಾನಿನ ಚೆರ್ರಿಯಂಥದೇ ಹೂ ಬಿಟ್ಟಿದೆ ಎಂದು ಗೆಳೆಯ ಹೇಳಿದ್ದರಿಂದ ಹಿರಿಯೂರಿನಿಂದ ಬೈಕಿನಲ್ಲಿ ಹೋದೆ. ಎರಡು ತೆಂಗಿನ ತೋಟಗಳ ನಡುವಿನ ಬದುವಿನುದ್ದಕ್ಕೂ ಗೊಬ್ಬರದ ಗಿಡಗಳು, ಒಂದೆಲೆಯೂ ಇಲ್ಲದೆ, ತಿಳಿಗುಲಾಬಿ ಹೂ ತುಂಬಿಕೊಂಡು ನಿಂತಿದ್ದವು. ಗುಲಾಬಿಯೋ ತಿಳಿನೇರಳೆಯೋ, ಬರೆಯುವಾಗಲೂ ಅನುಮಾನ.

ಫೋನ್ ತೆಗೆದದ್ದನ್ನು ನೋಡಿ ತೋಟದ ಹೆಂಗಸು ಬಂದರು. "ಸರ್ವೇದೋರೇನ್ರಿ?"

"ಅಲ್ಲಮ್ಮ, ಹೂ ನೋಡೋಕೆ ಬಂದೆ."

"ಗೊಬ್ಬರದ ಗಿಡದ್ದಾ?" ನಕ್ಕರು. "ವರ್ಷ ವರ್ಷ ಸವರಿ ಸೊಪ್ಪು ತೆಂಗಿನ ಬುಡಕ್ಕೆ ಹಾಕ್ತಿದ್ವಿ. ಈಗ ಬದು ನಂದು ಅಂತಾನೆ ಮೈದುನ. ಅವನಿಗೂ ಸವರಾಕೆ ಬಿಟ್ಟಿಲ್ಲ, ನಾನೂ ಸವರಿಲ್ಲ. ಸವರಿದ್ರೆ ಹೂ ಎಲ್ಲಿಂದ ಬರ್ತಿತ್ತು?"

ನಾನು ಕೊಂಬೆಯತ್ತ ಫೋನ್ ಎತ್ತಿದೆ. ಅವರು ಬದುವಿನ ತುದಿಯ ಗಡಿಕಲ್ಲಿನ ಮೇಲಿದ್ದ ಒಣಹುಲ್ಲು ಸರಿಸಿದರು. "ಫೋಟೋದಾಗೆ ಹೂ ಬರದಿದ್ರೂ ನಡೀತೈತೆ, ಕಲ್ಲು ಕಾಣಂಗೆ ತೆಗೀರಿ. ನಾಳೆ ಅವ್ನು ಜರುಗಿಸಿದ್ರೆ ತೋರ್ಸಾಕೆ ಬೇಕು." ಕಳಿಸಲು ಮಗಳ ನಂಬರ್ ಹೇಳಿದರು.

ಕಳಿಸುವಷ್ಟರಲ್ಲಿ ಆಚೆ ತೋಟದಿಂದ ಮೈದುನನೇ ಬೇಗಬೇಗ ಬಂದ. "ಸ್ವಾಮಿ, ನಮ್ಮ ಕಡೆಯಿಂದ್ಲೂ ಒಂದು ತೆಗೀರಿ. ಅತ್ತಿಗೆಮ್ಮ, ನೀವು ಒಂಚೂರು ಪಕ್ಕಕ್ಕೆ ನಿಂತ್ಕಳ್ರಿ."