ಒಟಿಲಿಯಾಳ ಎಡಗಣ್ಣು

ಒಟಿಲಿಯಾ ಕೋಲ್ಕೆ ನಮ್ಮ ಕಲಾಮಾ ಊರಿನಾಚೆಯ ತಾಮ್ರದ ಗಣಿಯಲ್ಲಿ ಹದಿನಾಲ್ಕು ವರ್ಷದಿಂದ ಅದಿರಿನ ದೈತ್ಯ ಲಾರಿ ಓಡಿಸುತ್ತಿದ್ದಳು. ಚಿಕ್ಕಂದಿನಲ್ಲಿ ಮುಖಕ್ಕೆ ಲಕ್ವ ಹೊಡೆದು ಎಡಗಣ್ಣಿನ ರೆಪ್ಪೆ ಅರ್ಧ ಜೋತುಬಿದ್ದಿತ್ತು. ನೋಟ ಮಾತ್ರ ಹದ್ದಿನದು. ಒಂದು ದಿನವೂ ಲಾರಿಯನ್ನು ಎಲ್ಲಿಗೂ ತಾಗಿಸಿದವಳಲ್ಲ.

ಆ ವರ್ಷ ಲಾರಿಗಳಿಗೆ ಕ್ಯಾಮೆರಾ ಬಂತು. ಚಾಲಕರ ಕಣ್ಣು ಮುಚ್ಚಿದರೆ ನಿದ್ದೆಯೆಂದು ತಿಳಿದು ಕಿರುಚುವ ಯಂತ್ರ. ವಾರದಲ್ಲಿ ಮೂರು ಸಲ ಕಿರುಚಿದರೆ ಲಾರಿಯಿಂದ ಇಳಿಸುತ್ತಾರೆ. ಒಟಿಲಿಯಾಳಿಗೆ ಮೊದಲ ದಿನವೇ ಎರಡು ಸಲ ಕಿರುಚಿತು.

“ನಿದ್ದೆ ಹೊಡೀತಿದ್ಯಾ?” ಎಂದ ಮೇಲ್ವಿಚಾರಕ ರಾಮಿರೋ.

“ನನ್ನ ಕಣ್ಣಿರೋದೇ ಹಿಂಗೆ ಕಣಯ್ಯಾ. ಇಷ್ಟು ವರ್ಷ ನೀನು ನೋಡಿಲ್ವಾ?”

“ನಾನು ನೋಡಿದ್ದನ್ನ ಯಾರು ಕೇಳ್ತಾರೆ? ಈಗ ಅದು ನೋಡಿದ್ದೇ ಸತ್ಯ.”

ಮರುದಿನ ಆ ಯಂತ್ರಕ್ಕೆ ಕಲಿಸಿದ ತಂಡದಿಂದ ಮೈತೆ ಎಂಬ ಹುಡುಗಿ ಬಂದಳು. ಚಾಲಕರಿಗೆ ಹೇಗನ್ನಿಸುತ್ತದೆಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಉಳಿದವರು ಭಯಕ್ಕೆ “ಚೆನ್ನಾಗಿದೆ” ಎಂದರು.

“ಬರ್ಕೊಂಡ್ರೆ ತಿಳಿಯಲ್ಲ ತಾಯಿ. ಬಾ, ಪಕ್ಕದಲ್ಲಿ ಕೂತ್ಕೋ” ಎಂದಳು ಒಟಿಲಿಯಾ.

ಮಧ್ಯಾಹ್ನದ ಗಾಳಿ ಎದ್ದಿತ್ತು. ತುಂಬಿದ ಲಾರಿ ಇಳಿಜಾರಿನಲ್ಲಿತ್ತು. ಧೂಳು ದಾರಿಯನ್ನೇ ನುಂಗಿತು. ಒಟಿಲಿಯಾ ಕಣ್ಣು ಕಿರಿದು ಮಾಡಿದ್ದೇ ತಡ, ಯಂತ್ರ ಕಿರುಚಿ ಸೀಟನ್ನು ಗಡಗಡ ನಡುಗಿಸಿತು. ಅದರ ಮೈಮೇಲಿನ ಗುಂಡಿ ಒತ್ತುವವರೆಗೂ ಅದು ನಿಲ್ಲುವುದಿಲ್ಲ. ಅಷ್ಟರಲ್ಲಿ ಧೂಳಿನೊಳಗೆ, ದೊಡ್ಡ ಲಾರಿಗಳಿಗೆ ಕಾಣಲೆಂದು ಜೀಪೊಂದಕ್ಕೆ ಎತ್ತರದಲ್ಲಿ ಕಟ್ಟಿದ್ದ ಕೆಂಪು ಬಾವುಟ ಕಂಡಿತು.

“ಅಕ್ಕಾ!” ಎಂದು ಕೂಗಿದಳು ಮೈತೆ.

ಒಟಿಲಿಯಾ ಗುಂಡಿ ಮುಟ್ಟಲಿಲ್ಲ. ಎರಡೂ ಕೈ ಸ್ಟೀರಿಂಗಿನಲ್ಲೇ ಇಟ್ಟು ಬ್ರೇಕ್ ಒತ್ತಿ ಹಿಡಿದಳು. ಲಾರಿ ಮುಲುಗಿತು, ಜಾರಿತು, ಮತ್ತೆ ಜಾರಿತು. ಜೀಪಿನಿಂದ ಎರಡು ಮಾರು ದೂರದಲ್ಲಿ ನಿಂತಿತು. ಯಂತ್ರ ಇನ್ನೂ ಕಿರುಚುತ್ತಲೇ ಇತ್ತು.

“ಗುಂಡಿ ಒತ್ತೋಕೆ ಕೈ ತೆಗ್ದಿದ್ರೆ?” ಎಂದಳು ಒಟಿಲಿಯಾ.

ಮೈತೆ ತಾನೇ ಕೈ ಚಾಚಿ ಗುಂಡಿ ಒತ್ತಿದಳು. “ಸಾವಿರಾರು ಮುಖ ತೋರಿಸಿ ಕಲಿಸಿದ್ವಿ ಅಕ್ಕಾ. ನಿಮ್ಮಂಥದ್ದು ಒಂದೂ ಇರಲಿಲ್ಲ.”

“ಕೇಳಿದ್ರೆ ನನ್ನ ಮುಖದ ಚಿತ್ರ ಕೊಡ್ತಿರ್ಲಿಲ್ವಾ?”

ಆದರೂ ಅದು ಕಿರುಚಿದ್ದು ಮೂರನೆಯ ಸಲ. ಸಂಜೆಯೇ ಅವಳನ್ನು ಟೈರ್ ತೊಳೆಯಲು ಹಾಕಿದರು. ಮೈತೆ ಸುಮ್ಮನಿರಲಿಲ್ಲ. ಜೀಪಿನವನ ಹೇಳಿಕೆ ತೆಗೆದುಕೊಂಡಳು, ಪ್ರತಿ ಚಾಲಕರ ಮುಖವನ್ನೂ ಬೇರೆಬೇರೆಯಾಗಿ ಯಂತ್ರಕ್ಕೆ ಕಲಿಸಿದಳು, ಮನುಷ್ಯರೊಬ್ಬರು ಕ್ಯಾಮೆರಾದ ಚಿತ್ರ ನೋಡದೆ ಯಾರನ್ನೂ ಇಳಿಸಬಾರದೆಂದು ಹಟ ಹಿಡಿದು ಗಣಿಯವರಿಂದ ನಿಯಮ ಬರೆಸಿದಳು.

ಎಂಟನೆಯ ವಾರ ಒಟಿಲಿಯಾ ಮತ್ತೆ ಲಾರಿ ಹತ್ತಿದಳು. ಯಂತ್ರ ತುಟಿಪಿಟಕ್ಕೆನ್ನಲಿಲ್ಲ. ಆದರೂ ಎಷ್ಟೋ ತಿಂಗಳು ಬಿಸಿಲಿಗೆ ಕಣ್ಣು ಕಿರಿದು ಮಾಡಲು ಹೆದರುತ್ತಿದ್ದೆ ಎಂದು ಅವಳೇ ನನಗೆ ಹೇಳಿದಳು.